ಒಂದು ಹೆಜ್ಜೆಯ ಹಿಂದೆ ಎಷ್ಟೊಂದು ಕೆಲಸ!

ಮಕ್ಕಳೇ, ಓದುವುದನ್ನು ಒಂದು ನಿಮಿಷ ನಿಲ್ಲಿಸಿ ಎದ್ದು ನಿಲ್ಲಿ. ಚಪ್ಪಲಿ ಬಿಟ್ಟು, ಈ ಗೋಡೆಯಿಂದ ಆ ಗೋಡೆಯವರೆಗೆ ನಿಧಾನವಾಗಿ ನಡೆಯಿರಿ. ನೆಲಕ್ಕೆ ಮೊದಲು ತಾಗಿದ್ದು ಪಾದದ ಯಾವ ಭಾಗ? ಹಿಮ್ಮಡಿ ಅಲ್ಲವೇ? ಆಮೇಲೆ ಇಡೀ ಪಾದ ನೆಲಕ್ಕೆ ಕೂರುತ್ತದೆ. ಕೊನೆಗೆ ಹಿಮ್ಮಡಿ ಮೇಲೆದ್ದು, ಬೆರಳುಗಳು ನೆಲವನ್ನು ಹಿಂದಕ್ಕೆ ಒತ್ತುತ್ತವೆ. ಅಷ್ಟರಲ್ಲಿ ಇನ್ನೊಂದು ಕಾಲಿನ ಹಿಮ್ಮಡಿ ಮುಂದೆ ಬಂದು ಊರಿರುತ್ತದೆ.

ದಿನಕ್ಕೆ ಸಾವಿರಾರು ಸಲ ಮಾಡುವ ಈ ಕೆಲಸದ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಆದರೆ ನಿಮ್ಮ ತರಗತಿಯಲ್ಲೋ ಬೀದಿಯಲ್ಲೋ ಮನೆಯಲ್ಲೇ ಆಗಲಿ, ತುದಿಗಾಲಲ್ಲಿ ನಡೆಯುವ ಅಥವಾ ಮಂಡಿ ಬಗ್ಗಿಸಿಕೊಂಡೇ ನಡೆಯುವ ಒಂದು ಮಗು ಇರಬಹುದು. ಇದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಒಂದು ಸೆರೆಬ್ರಲ್ ಪಾಲ್ಸಿ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು ಇಬ್ಬರು ಮೂವರಿಗೆ ಇದು ಇರುತ್ತದೆ. ಆ ಮಗುವಿಗೆ ಒಂದು ಹೆಜ್ಜೆ ಎಂದರೆ ಏನು ಎಂದು ತಿಳಿಯಬೇಕಾದರೆ, ಮೊದಲು ನಮ್ಮ ಹೆಜ್ಜೆಯ ಲೆಕ್ಕ ತಿಳಿಯಬೇಕು.

ಬೀಳುತ್ತಾ ಸಾವರಿಸಿಕೊಳ್ಳುವ ಆಟ

ನಡಿಗೆ ಎಂದರೆ ಮುಂದಕ್ಕೆ ಬೀಳುವುದು, ಬೀಳುವ ಮೊದಲೇ ಇನ್ನೊಂದು ಕಾಲನ್ನು ಊರಿ ಸಾವರಿಸಿಕೊಳ್ಳುವುದು. ಒಂದು ಕಾಲಿನ ಒಂದು ಸುತ್ತು ನಡಿಗೆಯಲ್ಲಿ ಶೇಕಡಾ 60ರಷ್ಟು ಹೊತ್ತು ಅದು ನೆಲದ ಮೇಲಿರುತ್ತದೆ, ಶೇಕಡಾ 40ರಷ್ಟು ಹೊತ್ತು ಗಾಳಿಯಲ್ಲಿರುತ್ತದೆ. ನೆಲದ ಮೇಲಿನ ಕಾಲು ಮೈಭಾರ ಹೊರಬೇಕು. ಗಾಳಿಯಲ್ಲಿನ ಕಾಲು ನೆಲಕ್ಕೆ ಎಡವದಂತೆ ಮಂಡಿ ಬಗ್ಗಿಸಿ, ಪಾದ ಎತ್ತಿ, ಸರಿಯಾದ ಜಾಗಕ್ಕೆ ಬರಬೇಕು. ಒಂದು ಸ್ನಾಯು ಬಿಗಿಯುವಾಗ ಅದರ ಎದುರಿನ ಸ್ನಾಯು ಸಡಿಲಬೇಕು. ಈ ಆಜ್ಞೆಗಳೆಲ್ಲ ಮೆದುಳಿನಿಂದ ಬೆನ್ನುಹುರಿಯ ಮೂಲಕ ಕ್ಷಣಕ್ಷಣವೂ ಇಳಿದು ಬರುತ್ತಿರುತ್ತವೆ.

ಸೆರೆಬ್ರಲ್ ಪಾಲ್ಸಿಯಲ್ಲಿ ತೊಂದರೆ ಶುರುವಾಗುವುದು ಕಾಲಿನಲ್ಲಲ್ಲ, ಆಜ್ಞೆ ಹೊರಡುವ ಜಾಗದಲ್ಲಿ. ಮಗು ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲೇ ಮೆದುಳಿನ ಒಂದು ಭಾಗಕ್ಕೆ ಪೆಟ್ಟಾಗಿರುತ್ತದೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು. 'ಬಿಗಿ' ಎಂಬ ಆಜ್ಞೆ ತಲುಪುತ್ತದೆ, 'ಸಡಿಲಿಸು' ಎಂಬುದು ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಹೆಚ್ಚಿನ ಮಕ್ಕಳ ಸ್ನಾಯುಗಳು ಬಿಗಿದುಕೊಂಡಿರುತ್ತವೆ.

ಇದು ಅಂಟುವ ಕಾಯಿಲೆಯಲ್ಲ. ಗ್ರಹಣದಿಂದ, ದೃಷ್ಟಿಯಿಂದ, ಯಾರ ಪಾಪದಿಂದಲೂ ಬರುವುದಲ್ಲ. ಮೆದುಳಿನ ಪೆಟ್ಟು ವರ್ಷ ಕಳೆದಂತೆ ದೊಡ್ಡದಾಗುವುದಿಲ್ಲ. ಆದರೆ ಮೂಳೆ ಬೆಳೆದಷ್ಟು ಬೇಗ ಬಿಗಿದ ಸ್ನಾಯು ಬೆಳೆಯುವುದಿಲ್ಲ. ಆದ್ದರಿಂದ ನಾಲ್ಕು ವರ್ಷಕ್ಕೆ ಚೆನ್ನಾಗಿ ನಡೆಯುತ್ತಿದ್ದ ಮಗು ಹನ್ನೆರಡಕ್ಕೆ ಕಷ್ಟಪಡಬಹುದು.

ನೀವೇ ಮಾಡಿ ನೋಡಿ

(ಅಜ್ಜಿ ತಾತಂದಿರು ಕುಳಿತು ನೋಡಿದರೆ ಸಾಕು!)

ಮೊದಲನೆಯದು: ಹಿಮ್ಮಡಿ ನೆಲಕ್ಕೆ ತಾಗಿಸದೆ ಕೋಣೆಯನ್ನು ಎರಡು ಸುತ್ತು ಬನ್ನಿ. ಮೈ ಓಲಾಡುತ್ತದೆ. ನಿಲ್ಲಲು ಸಿಗುವ ಜಾಗ ಪಾದದ ಮುಂಭಾಗ ಮಾತ್ರ. ಮೀನಖಂಡ ಬಿಗಿದ ಮಗುವಿನ ನಡಿಗೆ ಹೀಗಿರುತ್ತದೆ.

ಎರಡನೆಯದು: ಕುರ್ಚಿಯಲ್ಲಿ ಕೂರಲು ಹೊರಟವರಂತೆ ಮಂಡಿ ಅರ್ಧ ಬಗ್ಗಿಸಿ, ಹಾಗೆಯೇ ಇಪ್ಪತ್ತು ಹೆಜ್ಜೆ ನಡೆಯಿರಿ. ತೊಡೆ ಉರಿಯತೊಡಗಿತೇ? ನೆಟ್ಟಗಿರುವ ಕಾಲಿನಲ್ಲಿ ಭಾರವನ್ನು ಮೂಳೆಗಳು ಹೊರುತ್ತವೆ, ಬಗ್ಗಿದ ಕಾಲಿನಲ್ಲಿ ಸ್ನಾಯುಗಳೇ ಹೊರಬೇಕು.

ಮೂರನೆಯದು: ಎರಡೂ ಮಂಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ನಡೆಯಿರಿ. ತೊಡೆಯ ಒಳಭಾಗದ ಸ್ನಾಯು ಬಿಗಿದಾಗ ಕಾಲುಗಳು ಹೀಗೆ ಕತ್ತರಿಯಂತೆ ಅಡ್ಡ ಬರುತ್ತವೆ.

ಇಂಥ ನಡಿಗೆಗೆ ನಮ್ಮ ನಡಿಗೆಗಿಂತ ಎರಡು ಪಟ್ಟು, ಕೆಲವರಿಗೆ ಅದಕ್ಕೂ ಹೆಚ್ಚು ಶಕ್ತಿ ಬೇಕು. ಶಾಲೆಯ ಗೇಟಿನಿಂದ ತರಗತಿಗೆ ಬರುವಷ್ಟರಲ್ಲೇ ಆ ಮಗು ನಮ್ಮ ಎರಡು ಪಟ್ಟು ದಣಿದಿರುತ್ತದೆ. 'ಸೋಮಾರಿ' ಎಂದು ಯಾರಾದರೂ ಕರೆದರೆ ಅದು ಎಂಥ ತಪ್ಪು ಲೆಕ್ಕ ನೋಡಿ.

ಕುಂಟುವ ಹುಡುಗ ವೈದ್ಯನಾದ

ಇಂಗ್ಲೆಂಡಿನಲ್ಲಿ 1810ರಲ್ಲಿ ಹುಟ್ಟಿದ ವಿಲಿಯಂ ಜಾನ್ ಲಿಟಲ್ ಅವರಿಗೆ ಬಾಲ್ಯದಲ್ಲಿ ಬಂದ ಕಾಯಿಲೆಯಿಂದ ಒಂದು ಪಾದ ಸೊಟ್ಟಗಾಗಿತ್ತು. ಅದು ಸೆರೆಬ್ರಲ್ ಪಾಲ್ಸಿ ಅಲ್ಲ. 1836ರಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಸ್ಟ್ರೋಮೆಯರ್ ಎಂಬ ವೈದ್ಯರಿಂದ ಹಿಮ್ಮಡಿಯ ಮೇಲಿನ ನರದಂಥ ಗಟ್ಟಿ ಪಟ್ಟಿಯನ್ನು ಕತ್ತರಿಸಿಕೊಂಡರು. ಪಾದ ನೆಟ್ಟಗಾಯಿತು. ಮುಂದೆ ತಾವೇ ಈ ಚಿಕಿತ್ಸೆಗೆ ಹೆಸರಾದರು. ಮಕ್ಕಳ ಕೈಕಾಲು ಬಿಗಿತಕ್ಕೂ ಹುಟ್ಟಿನ ಸಮಯದ ತೊಂದರೆಗೂ ಸಂಬಂಧವಿದೆ ಎಂದು 1861ರಲ್ಲಿ ಲಂಡನ್ನಿನ ವೈದ್ಯರ ಮುಂದೆ ವಿವರಿಸಿದರು. ಬಹಳ ಕಾಲ ಈ ಸ್ಥಿತಿಯನ್ನು 'ಲಿಟಲ್ ಕಾಯಿಲೆ' ಎಂದೇ ಕರೆಯುತ್ತಿದ್ದರು.

ಆದರೆ ಲಿಟಲ್ ಅವರ ಪಾದಕ್ಕೆ ಒದಗಿದ ಉಪಾಯ ಎಲ್ಲ ಮಕ್ಕಳಿಗೂ ಒದಗಲಿಲ್ಲ. ತುದಿಗಾಲಲ್ಲಿ ನಡೆಯುವ ಮಗುವಿನ ಹಿಮ್ಮಡಿಯ ಪಟ್ಟಿಯನ್ನು ಅಳತೆ ಮೀರಿ ಉದ್ದ ಮಾಡಿದರೆ, ಹಿಮ್ಮಡಿಯೇನೋ ನೆಲ ಮುಟ್ಟುತ್ತಿತ್ತು, ಕೆಲವು ಮಕ್ಕಳ ಮಂಡಿ ಮಾತ್ರ ಕುಸಿಯುತ್ತಿತ್ತು. ಕಾಲು ಮುಂದಕ್ಕೆ ವಾಲದಂತೆ ಹಿಂದಿನಿಂದ ಹಿಡಿದು, ಮಂಡಿಯನ್ನು ನೆಟ್ಟಗೆ ಇರಿಸುವುದು ಅದೇ ಮೀನಖಂಡದ ಸ್ನಾಯು! ಪಾದ, ಮಂಡಿ, ಸೊಂಟ ಒಂದೇ ಹಗ್ಗಕ್ಕೆ ಕಟ್ಟಿದ ಗೊಂಬೆಯಂತೆ. ಒಂದನ್ನು ಸಡಿಲಿಸಿದರೆ ಇನ್ನೊಂದು ಅಲುಗುತ್ತದೆ.

ಹೆಜ್ಜೆಯನ್ನು ಅಳೆಯುವ ಕೋಣೆ

ಕಣ್ಣಿಗೆ ಕಾಣದ ವೇಗವನ್ನು ಹಿಡಿಯಲು ಕ್ಯಾಮೆರಾ ಬೇಕಾಯಿತು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆ ಎಂದು 1878ರಲ್ಲಿ ಅಮೆರಿಕದಲ್ಲಿ ಸಾಲು ಕ್ಯಾಮೆರಾಗಳಿಂದ ತೋರಿಸಿದವರು ಎಡ್ವರ್ಡ್ ಮೈಬ್ರಿಜ್. ಅದೇ ಉಪಾಯ ಬೆಳೆದು ಇಂದಿನ ನಡಿಗೆಯ ಪ್ರಯೋಗಾಲಯವಾಗಿದೆ. ಅಲ್ಲಿ ಮಗುವಿನ ಸೊಂಟ, ಮಂಡಿ, ಪಾದಗಳಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಅವುಗಳ ಜಾಡು ಹಿಡಿಯುತ್ತವೆ. ಮಗು ನೆಲವನ್ನು ಎಷ್ಟು ಒತ್ತುತ್ತದೆ, ಯಾವ ಸ್ನಾಯು ಯಾವಾಗ ಬಿಗಿಯುತ್ತದೆ ಎಂಬುದೂ ದಾಖಲಾಗುತ್ತದೆ.

ಇದರಿಂದ ಮಕ್ಕಳಿಗೆ ದೊಡ್ಡ ಉಪಕಾರವಾಯಿತು. ಮೊದಲು ಒಂದು ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ, ಅದರ ಮುಂದಿನ ವರ್ಷ ಸೊಂಟ ಎಂದು ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಹುಟ್ಟುಹಬ್ಬ ಬಂದರೆ ಮಗು ಆಸ್ಪತ್ರೆಯಲ್ಲಿ! ಕೆನಡಾದ ಮೂಳೆ ವೈದ್ಯ ಮರ್ಸರ್ ರ‍್ಯಾಂಗ್ ಇದಕ್ಕೆ 'ಹುಟ್ಟುಹಬ್ಬದ ರೋಗ' ಎಂದೇ ಹೆಸರಿಟ್ಟರು. ಈಗ ಎಲ್ಲವನ್ನೂ ಒಟ್ಟಿಗೆ ಅಳೆದು, ಶಸ್ತ್ರಚಿಕಿತ್ಸೆ ಬೇಕೇ ಬೇಕಾದವರಿಗೆ ಸಾಧ್ಯವಾದಷ್ಟನ್ನು ಒಂದೇ ಸಲ ಮಾಡುತ್ತಾರೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಫಿಸಿಯೋಥೆರಪಿ, ಪಾದವನ್ನು ಸರಿಯಾದ ಕೋನದಲ್ಲಿ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್, ಕೆಲವು ತಿಂಗಳು ಸ್ನಾಯು ಸಡಿಲಿಸುವ ಇಂಜೆಕ್ಷನ್ ಇವೆ. ಅನೇಕ ಮಕ್ಕಳ ವಾಕರ್ ಮುಂದೆ ಇರುವುದಿಲ್ಲ, ಬೆನ್ನ ಹಿಂದೆ ಇರುತ್ತದೆ. ಮುಂದಿದ್ದರೆ ಮಗು ಅದರ ಮೇಲೆ ಬಾಗುತ್ತದೆ, ಹಿಂದಿದ್ದರೆ ನೆಟ್ಟಗೆ ನಿಲ್ಲುತ್ತದೆ. ಕೆಲವು ಮಕ್ಕಳು ನಡೆಯುವುದೇ ಇಲ್ಲ, ಗಾಲಿಕುರ್ಚಿಯಲ್ಲೇ ಓಡಾಡುತ್ತಾರೆ. ಇನ್ನು ಕೆಲವರು ಮನೆಯೊಳಗೆ ನಡೆದು, ಜಾತ್ರೆಗೆ ಗಾಲಿಕುರ್ಚಿಯಲ್ಲಿ ಹೋಗುತ್ತಾರೆ. ಅದು ಸೋಲಲ್ಲ. ಜಾತ್ರೆ ನೋಡಲು ಶಕ್ತಿ ಉಳಿಸಿಕೊಳ್ಳುವ ಜಾಣತನ.

'ಬೇಗ ಬಾ' ಎನ್ನಬೇಡಿ

ಬಿಗಿದ ಸ್ನಾಯುವಿಗೆ ಒಂದು ವಿಚಿತ್ರ ಗುಣವಿದೆ. ಫಕ್ಕನೆ ಎಳೆದರೆ ಇನ್ನಷ್ಟು ಬಿಗಿಯುತ್ತದೆ, ನಿಧಾನವಾಗಿ ಎಳೆದರೆ ಮಣಿಯುತ್ತದೆ. ಗಾಬರಿ, ಅವಸರ, ಜೋರು ಶಬ್ದಕ್ಕೂ ಅದು ಬಿಗಿಯಬಹುದು. ಹಾಗಾಗಿ 'ಬೇಗ ಬಾ, ಸರಿಯಾಗಿ ಕಾಲಿಡು' ಎಂದು ಗದರಿದರೆ ಆ ಮಗುವಿನ ನಡಿಗೆ ಇನ್ನಷ್ಟು ನಿಧಾನವಾಗುತ್ತದೆ.

ಅಜ್ಜಿ ತಾತಂದಿರೇ, ಎಣ್ಣೆ ಹಚ್ಚುವ ನಿಮ್ಮ ಕೈಗೆ ಇದು ನೆನಪಿರಲಿ. ಮೃದುವಾಗಿ ನೀವಿ. ಕಾಲನ್ನು ಜಗ್ಗಿ ನೆಟ್ಟಗೆ ಮಾಡಲು ಹೋಗಬೇಡಿ. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ತೋರಿಸಿದಂತೆ ಮಾತ್ರ ಮಾಡಿಸಿ. ಪ್ರೀತಿಯಿಂದ ಸದಾ ಎತ್ತಿಕೊಂಡೇ ತಿರುಗಬೇಡಿ. ಅಡುಗೆಮನೆಯಿಂದ ಜಗಲಿಗೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ, ಮಂಡಿನೋವಿರುವ ನಿಮಗೆ ಆ ಹತ್ತು ನಿಮಿಷದ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಮೊಮ್ಮಗು ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, ಕಾಲು ಕತ್ತರಿಯಂತೆ ಬಿಗಿಯುತ್ತಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, 'ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ನಡೆದದ್ದು' ಎನ್ನುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ಶುರುವಾದ ಆರೈಕೆಗೆ ಹೆಚ್ಚು ಫಲ.

ಮಕ್ಕಳೇ, ನಿಮ್ಮ ಗೆಳೆಯನಿಗೆ ಸಹಾಯ ಮಾಡುವ ಮುನ್ನ 'ಕೈ ಹಿಡೀಲಾ?' ಎಂದು ಕೇಳಿ. ಹಿಂದಿನಿಂದ ತಳ್ಳಬೇಡಿ, ಮುಂದೆ ನಿಂತು ಎಳೆಯಬೇಡಿ. ಬೆಲ್ ಹೊಡೆದಾಗ ಅವನು ಎರಡು ನಿಮಿಷ ಮೊದಲೇ ಹೊರಡಲು ಬಿಡಿ ಎಂದು ನಿಮ್ಮ ಮಿಸ್ಸಿಗೆ ಹೇಳಿ. ಕ್ರಿಕೆಟ್ಟಿನಲ್ಲಿ ಅವನು ಬ್ಯಾಟ್ ಹಿಡಿಯಲಿ, ರನ್ ಓಡಲು ಇನ್ನೊಬ್ಬರು ನಿಲ್ಲಲಿ. ಮನೆಗೆ ಹೋಗುವಾಗ ಅವನ ಪಕ್ಕದಲ್ಲಿ, ಅವನ ವೇಗದಲ್ಲೇ ನಡೆಯಿರಿ. ಮಾತಾಡಲು ಹೆಚ್ಚು ಹೊತ್ತು ಸಿಗುತ್ತದೆ.