ಓಪನ್ ಸೋರ್ಸ್ ಕೋಡನ್ನು ಯಾರು ಬೇಕಾದರೂ ತಿದ್ದಿಬಿಡಬಹುದೇ? ಪಿಎಚ್‌ಪಿಯ ಎರಡು ಘಟನೆಗಳು ಹೇಳುವ ಸತ್ಯ

ಓಪನ್ ಸೋರ್ಸ್ ತಂತ್ರಾಂಶದ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಅದನ್ನು ಬದಲಾಯಿಸಬಹುದು, ಹಾಗಾಗಿ ಅದು ಹ್ಯಾಕರ್‌ಗಳಿಗೆ ಬಾಗಿಲು ತೆರೆದಿಟ್ಟ ಮನೆ ಇದ್ದಂತೆ. ಇಂಥ ಮಾತನ್ನು ನೀವೂ ಕೇಳಿರಬಹುದು. ಇದಕ್ಕೆ ತದ್ವಿರುದ್ಧವಾದ ಮಾತೂ ಓಡಾಡುತ್ತದೆ: ಸಾವಿರಾರು ಜನ ನೋಡುವ ಕೋಡ್ ಆದ್ದರಿಂದ ಅದರಲ್ಲಿ ತಪ್ಪು ಉಳಿಯುವುದೇ ಇಲ್ಲ ಎಂದು.

ಎರಡೂ ಅರ್ಧ ಸತ್ಯ. ಅದು ಹೇಗೆ ಎಂಬುದನ್ನು ಪಿಎಚ್‌ಪಿ ಎಂಬ ಸ್ಕ್ರಿಪ್ಟಿಂಗ್ ಭಾಷೆಯ ಉದಾಹರಣೆಯೊಂದಿಗೆ ನೋಡೋಣ.

ಪಿಎಚ್‌ಪಿಗೂ ನಮಗೂ ಏನು ಸಂಬಂಧ?

ನೀವು ಮೊಬೈಲ್‌ನಲ್ಲಿ ಕನ್ನಡ ವಿಕಿಪೀಡಿಯ ತೆರೆದಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಪಿಎಚ್‌ಪಿಯನ್ನು ಬಳಸಿದ್ದೀರಿ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ, ಅದನ್ನು ಬರೆದಿರುವುದು ಪಿಎಚ್‌ಪಿಯಲ್ಲಿ. ಬ್ಲಾಗ್‌ಗಳಿಗೂ ಸುದ್ದಿತಾಣಗಳಿಗೂ ಬಳಕೆಯಾಗುವ ವರ್ಡ್‌ಪ್ರೆಸ್ ಕೂಡ ಪಿಎಚ್‌ಪಿಯದ್ದೇ. ರಾಸ್ಮಸ್ ಲೆರ್ಡಾರ್ಫ್ ಎಂಬುವರು 1994ರಲ್ಲಿ ತಮ್ಮ ಸ್ವಂತ ವೆಬ್ ಪುಟಕ್ಕಾಗಿ ಬರೆದುಕೊಂಡ ಪುಟ್ಟ ಸಾಧನ ಇದು. 1995ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಬೇರೆ ಬೇರೆ ದೇಶಗಳ ಜನ ಸೇರಿ ಅದನ್ನು ಬೆಳೆಸಿದ್ದಾರೆ.

ರನ್‌ಟೈಮ್ ಎಂದರೇನು?

ಪಿಎಚ್‌ಪಿಯಲ್ಲಿ ಬರೆದ ಕೋಡ್ ಒಂದು ಅಡುಗೆ ಚೀಟಿ ಎಂದುಕೊಳ್ಳಿ. ಚೀಟಿ ತಾನಾಗಿ ಅಡುಗೆ ಮಾಡುವುದಿಲ್ಲ, ಅದನ್ನು ಓದಿ ಒಲೆ ಹಚ್ಚಲು ಭಟ್ಟರು ಬೇಕು. ಆ ಭಟ್ಟರೇ ರನ್‌ಟೈಮ್. ವೆಬ್‌ಸೈಟಿನ ಸರ್ವರ್‌ನಲ್ಲಿ ಕುಳಿತು, ಸ್ಕ್ರಿಪ್ಟನ್ನು ಓದಿ, ಅದರಲ್ಲಿರುವ ಕೆಲಸವನ್ನು ಮಾಡಿ ಮುಗಿಸುವ ತಂತ್ರಾಂಶ ಇದು. ಒಂದು ಚೀಟಿಯಲ್ಲಿ ತಪ್ಪಿದ್ದರೆ ಒಂದು ಅಡುಗೆ ಕೆಡುತ್ತದೆ. ಭಟ್ಟರೇ ತಪ್ಪು ಕಲಿತಿದ್ದರೆ ಅವರು ಮಾಡುವ ಎಲ್ಲ ಅಡುಗೆಯೂ ಕೆಡುತ್ತದೆ. ರನ್‌ಟೈಮ್‌ನ ಒಂದು ಸಾಲು ಬದಲಾದರೂ ಲೆಕ್ಕವಿಲ್ಲದಷ್ಟು ವೆಬ್‌ಸೈಟುಗಳಿಗೆ ಅದರ ಬಿಸಿ ತಟ್ಟುವುದು ಇದೇ ಕಾರಣಕ್ಕೆ.

ಕಟ್ಟುವುದು, ಆಮೇಲೆ ಪರೀಕ್ಷಿಸುವುದು

ಪಿಎಚ್‌ಪಿ ರನ್‌ಟೈಮ್ ಅನ್ನು ಬರೆದಿರುವುದು ಸಿ ಭಾಷೆಯಲ್ಲಿ. ಮನುಷ್ಯರು ಓದಬಲ್ಲ ಆ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದಕ್ಕೆ ಬಿಲ್ಡ್ ಮಾಡುವುದು ಎನ್ನುತ್ತಾರೆ. ಮೊದಲು 'ಕಾನ್ಫಿಗರ್' ಎಂಬ ಹಂತ: ಈ ಕಂಪ್ಯೂಟರಿನಲ್ಲಿ ಬೇಕಾದ ಸಾಮಾನೆಲ್ಲ ಇದೆಯೇ ಎಂದು ಅದು ನೋಡುತ್ತದೆ. ನಂತರ 'ಮೇಕ್' ಎಂಬ ಆಜ್ಞೆ ಕೊಟ್ಟರೆ ರನ್‌ಟೈಮ್ ಸಿದ್ಧವಾಗುತ್ತದೆ. ಕೊನೆಗೆ 'ಮೇಕ್ ಟೆಸ್ಟ್' ಎಂದರೆ ಪರೀಕ್ಷೆ ಶುರು.

ಒಂದೊಂದು ಪರೀಕ್ಷೆಯೂ ಒಂದು ಚಿಕ್ಕ ಕಡತ. ಅದರಲ್ಲಿ ಮುಖ್ಯವಾಗಿ ಮೂರು ಭಾಗ. ಏನನ್ನು ಪರೀಕ್ಷಿಸುತ್ತಿದ್ದೇವೆ, ಓಡಿಸಬೇಕಾದ ಕೋಡ್ ಯಾವುದು, ಬರಬೇಕಾದ ಉತ್ತರ ಏನು. ಎರಡಕ್ಕೆ ಮೂರು ಕೂಡಿಸು ಎಂದರೆ ಐದು ಬರಬೇಕು. ಆರು ಬಂದರೆ ಪರೀಕ್ಷೆ ಫೇಲ್. ಪಿಎಚ್‌ಪಿಯಲ್ಲಿ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಕಡತಗಳಿವೆ. ಯಾರಾದರೂ ಒಂದು ದೋಷ ಹುಡುಕಿಕೊಟ್ಟರೆ, ಅದನ್ನು ಸರಿಪಡಿಸುವಾಗ ಅದಕ್ಕೊಂದು ಹೊಸ ಪರೀಕ್ಷೆಯನ್ನೂ ಬರೆದು ಸೇರಿಸುವುದು ರೂಢಿ. ಅದೇ ದೋಷ ಮತ್ತೆ ತಲೆ ಎತ್ತಿದರೆ ತಕ್ಷಣ ಗೊತ್ತಾಗಲಿ ಎಂದು.

ಇಷ್ಟೆಲ್ಲ ಇದ್ದ ಮೇಲೆ ತಪ್ಪು ನುಸುಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ 2011ರ ಘಟನೆಯಲ್ಲಿದೆ.

2011: ಪರೀಕ್ಷೆ ಕೂಗಿ ಹೇಳಿತು, ಯಾರೂ ಕೇಳಿಸಿಕೊಳ್ಳಲಿಲ್ಲ

ನೀವು ಒಂದು ತಾಣದಲ್ಲಿ ಪಾಸ್‌ವರ್ಡ್ ಕೊಟ್ಟಾಗ, ಒಳ್ಳೆಯ ತಾಣ ಅದನ್ನು ಹಾಗೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದಕ್ಕೆ 'ಸಾಲ್ಟ್' ಎಂಬ ಒಂದಿಷ್ಟು ಅಕ್ಷರಗಳನ್ನು ಬೆರೆಸಿ, ಮೂಲ ರೂಪ ತಿಳಿಯದಂತೆ ಮಾಡಿ ಇಡುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ತೆಂಗಿನಕಾಯಿ ತುರಿದು ಉಪ್ಪು ಬೆರೆಸಿದ ಹಾಗೆ. ತುರಿಯಿಂದ ಮತ್ತೆ ಇಡೀ ಕಾಯಿ ಮಾಡಲಾಗದು. ಮುಂದಿನ ಸಲ ನೀವು ಲಾಗಿನ್ ಆಗುವಾಗ, ಕೊಟ್ಟ ಪಾಸ್‌ವರ್ಡನ್ನು ಅದೇ ಉಪ್ಪಿನೊಂದಿಗೆ ಮತ್ತೆ ತುರಿದು, ಎರಡೂ ಒಂದೇ ಆಗಿದೆಯೇ ಎಂದು ನೋಡಲಾಗುತ್ತದೆ.

2011ರ ಆಗಸ್ಟ್ 18ರಂದು ಪಿಎಚ್‌ಪಿ 5.3.7 ಬಿಡುಗಡೆಯಾಯಿತು. ಅದರಲ್ಲಿ ಈ ಕೆಲಸ ಮಾಡುವ 'ಕ್ರಿಪ್ಟ್' ಎಂಬ ಭಾಗ ಕೆಟ್ಟಿತ್ತು. ಎಂಡಿ5 ಎಂಬ ವಿಧಾನ ಬಳಸಿದರೆ ಹ್ಯಾಶ್ ಬದಲು ಸಾಲ್ಟ್ ಮಾತ್ರ ಹೊರಬರುತ್ತಿತ್ತು. ತುರಿಯೇ ಇಲ್ಲ, ಬರೀ ಉಪ್ಪು! ಇದರಿಂದ ಎರಡು ರೀತಿಯ ತೊಂದರೆ. ಆ ವಿಧಾನ ಬಳಸುತ್ತಿದ್ದ ತಾಣಗಳಲ್ಲಿ ಹಳೆಯ ಬಳಕೆದಾರರಿಗೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಆಗದು. ಆ ಆವೃತ್ತಿಯಲ್ಲಿ ಹೊಸದಾಗಿ ಖಾತೆ ತೆರೆದವರ ಕಥೆ ಇನ್ನೂ ಕೆಟ್ಟದ್ದು. ಯಾವ ಪಾಸ್‌ವರ್ಡ್ ಕೊಟ್ಟರೂ ಉತ್ತರ ಅದೇ ಉಪ್ಪು, ಹಾಗಾಗಿ ಯಾರು ಬೇಕಾದರೂ ಒಳಗೆ ಹೋಗಬಹುದು.

ಇದು ಯಾವ ಹ್ಯಾಕರನ ಕೈವಾಡವೂ ಅಲ್ಲ. ಹಳೆಯ ಒಂದು ಆಜ್ಞೆಯ ಜಾಗದಲ್ಲಿ ಹೆಚ್ಚು ಸುರಕ್ಷಿತವಾದ ಇನ್ನೊಂದನ್ನು ಹಾಕುವಾಗ, ಜಾಗದ ಅಳತೆ ಹೇಳುವ ಸಂಖ್ಯೆ ತಪ್ಪಾಗಿತ್ತು, ಅಷ್ಟೆ.

ಈ ದೋಷವನ್ನು ಹಿಡಿಯಬಲ್ಲ ಪರೀಕ್ಷೆ ಇರಲಿಲ್ಲವೇ? ಇತ್ತು. ಅದು ಫೇಲ್ ಕೂಡ ಆಗಿತ್ತು. ಆದರೆ ಆ ಕಾಲದಲ್ಲಿ ಬೇರೆ ಬೇರೆ ಕಾರಣಗಳಿಗೆ ಫೇಲ್ ಆಗುವ ಪರೀಕ್ಷೆಗಳು ಎಷ್ಟೊಂದು ಇದ್ದವೆಂದರೆ, ಆ ರಾಶಿಯಲ್ಲಿ ಇದೊಂದು ಯಾರ ಕಣ್ಣಿಗೂ ಬೀಳಲಿಲ್ಲ. ದಿನವೂ ಸುಮ್ಮಸುಮ್ಮನೆ ಬೊಗಳುವ ನಾಯಿ ಕಳ್ಳ ಬಂದಾಗ ಬೊಗಳಿದರೂ ಮನೆಯವರು ಏಳುವುದಿಲ್ಲವಲ್ಲ, ಹಾಗೆ.

ಪಿಎಚ್‌ಪಿ ತಂಡ ಇದನ್ನು ಮುಚ್ಚಿಡಲಿಲ್ಲ. 5.3.7ಕ್ಕೆ ಅಪ್‌ಡೇಟ್ ಮಾಡಿಕೊಳ್ಳಬೇಡಿ ಎಂದು ತನ್ನದೇ ತಾಣದಲ್ಲಿ ಎಚ್ಚರಿಕೆ ಕೊಟ್ಟಿತು. ಆಗಸ್ಟ್ 23ರಂದು, ಅಂದರೆ ಐದು ದಿನಗಳೊಳಗೆ, ದೋಷ ಸರಿಪಡಿಸಿದ 5.3.8 ಹೊರಬಂತು.

2021: ಪರೀಕ್ಷೆ ಬೇಡ ಎಂದ ಕಳ್ಳ, ಹಿಡಿದದ್ದು ಮನುಷ್ಯರ ಕಣ್ಣು

ಹತ್ತು ವರ್ಷಗಳ ನಂತರ ನಡೆದದ್ದು ನಿಜವಾದ ಕಳ್ಳತನದ ಪ್ರಯತ್ನ. 2021ರ ಮಾರ್ಚ್ 28ರಂದು ಪಿಎಚ್‌ಪಿಯ ಅಧಿಕೃತ ಕೋಡ್ ಭಂಡಾರಕ್ಕೆ ಒಂದು ಬದಲಾವಣೆ ಬಂತು. ಕಳಿಸಿದವರ ಹೆಸರು ರಾಸ್ಮಸ್ ಲೆರ್ಡಾರ್ಫ್ ಎಂದಿತ್ತು. ಜೊತೆಗಿದ್ದ ಟಿಪ್ಪಣಿಯಲ್ಲಿ, ಅಕ್ಷರದೋಷವೊಂದನ್ನು ತಿದ್ದಲಾಗಿದೆ, ಸ್ವಯಂಚಾಲಿತ ಪರೀಕ್ಷೆ ನಡೆಸಬೇಡಿ ಎಂದಿತ್ತು.

ಒಳಗಿದ್ದದ್ದು ಹಿಂಬಾಗಿಲು. ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳಲು ಕಳಿಸುವ 'ಯೂಸರ್ ಏಜೆಂಟ್' ಎಂಬ ಮಾಹಿತಿಯ ಹೆಸರಿನ ಕೊನೆಗೆ ಇನ್ನೊಂದು 'ಟಿ' ಅಕ್ಷರ ಸೇರಿಸಿ, ಅದರಲ್ಲಿ ಒಂದು ಗುಪ್ತಪದದೊಂದಿಗೆ ಆಜ್ಞೆ ಬರೆದು ಕಳಿಸಿದರೆ, ಸರ್ವರ್ ಆ ಆಜ್ಞೆಯನ್ನು ಹಾಗೆಯೇ ಪಾಲಿಸುತ್ತಿತ್ತು. ಇಂಥ ರನ್‌ಟೈಮ್ ಸರ್ವರ್‌ಗಳಿಗೆ ತಲುಪಿದ್ದರೆ ಆಗಬಹುದಾಗಿದ್ದ ಅನಾಹುತ ಊಹಿಸಿಕೊಳ್ಳಿ.

ಆದರೆ ಅದು ತಲುಪಲಿಲ್ಲ. ಹೊಸದಾಗಿ ಸೇರಿದ ಕೋಡನ್ನು ಓದುವುದು ತಂಡದವರ ನಿತ್ಯದ ಅಭ್ಯಾಸ. ಹಾಗೆ ಓದುವಾಗ ಕೆಲವೇ ಗಂಟೆಗಳಲ್ಲಿ ಇದು ಕಣ್ಣಿಗೆ ಬಿತ್ತು, ತಕ್ಷಣ ತೆಗೆದುಹಾಕಿದರು. ತಂಡದ ಇನ್ನೊಬ್ಬ ಪ್ರಮುಖರಾದ ನಿಕಿಟಾ ಪೊಪೋವ್ ಅವರ ಹೆಸರಿನಲ್ಲಿ ಅದೇ ಕೋಡ್ ಮತ್ತೊಮ್ಮೆ ಬಂತು. ಅದನ್ನೂ ಕಿತ್ತರು. ಆಗ ಆ ಕೋಡ್ ಇದ್ದದ್ದು ಇನ್ನೂ ತಯಾರಾಗುತ್ತಿದ್ದ 8.1 ಆವೃತ್ತಿಯ ಕೆಲಸದಲ್ಲಿ. ಹಾಗಾಗಿ ಬಿಡುಗಡೆಯಾದ ಯಾವ ಆವೃತ್ತಿಯಲ್ಲೂ ಈ ಹಿಂಬಾಗಿಲು ಇರಲಿಲ್ಲ.

ತಂಡಕ್ಕೆ ಮೊದಲು ಬಂದ ಅನುಮಾನ ಕೋಡ್ ಇಟ್ಟಿದ್ದ ಸರ್ವರ್ ಮೇಲೆ. ನಂತರದ ತನಿಖೆಯಲ್ಲಿ, ಸದಸ್ಯರ ಪಾಸ್‌ವರ್ಡ್ ಇದ್ದ ಡೇಟಾಬೇಸ್ ಸೋರಿಕೆಯಾಗಿರಬಹುದು ಎಂಬ ತೀರ್ಮಾನದತ್ತ ಅವರು ವಾಲಿದರು. ಎಲ್ಲರ ಪಾಸ್‌ವರ್ಡ್ ಬದಲಾಯಿಸಿದರು. ಕೋಡ್ ಭಂಡಾರವನ್ನು ಗಿಟ್‌ಹಬ್‌ಗೆ ಸ್ಥಳಾಂತರಿಸಿ, ಬದಲಾವಣೆ ಮಾಡುವ ಹಕ್ಕಿರುವವರಿಗೆ ಎರಡು ಹಂತದ ಪರಿಶೀಲನೆ ಕಡ್ಡಾಯ ಮಾಡಿದರು.

ಹಾಗಾದರೆ ಯಾರು ಬೇಕಾದರೂ ಬದಲಾಯಿಸಬಹುದೇ?

ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡ ನಕಲನ್ನು ನೀವು ಹೇಗೆ ಬೇಕಾದರೂ ಬದಲಾಯಿಸಬಹುದು. ಅಧಿಕೃತ ಕೋಡನ್ನು ಹಾಗೆ ಮುಟ್ಟಲಾಗದು. ಹೊರಗಿನವರು ಬದಲಾವಣೆ ಸೂಚಿಸಬಹುದು, ಅಷ್ಟೆ. ಅದರ ಮೇಲೆ ಪರೀಕ್ಷೆಗಳು ತಾವಾಗಿ ಓಡುತ್ತವೆ, ಹಕ್ಕಿರುವ ಸದಸ್ಯರು ಓದಿ ಒಪ್ಪಿದರೆ ಸೇರುತ್ತದೆ. ಆಮೇಲೂ ಆಲ್ಫಾ, ಬೀಟಾ ಎಂದು ಹಲವು ಪ್ರಾಯೋಗಿಕ ಆವೃತ್ತಿಗಳು ಬಂದು, ಜನ ಬಳಸಿ ನೋಡಿದ ಮೇಲೆಯೇ ಹೊಸ ಆವೃತ್ತಿಯ ಅಂತಿಮ ಬಿಡುಗಡೆ.

ಎಲ್ಲರೂ ನೋಡಬಹುದು ಎಂಬುದು ಒಂದು ಅವಕಾಶ ಮಾತ್ರ. 2021ರಲ್ಲಿ ಯಾರೋ ನಿಜವಾಗಿ ಓದಿದರು, ಅನಾಹುತ ತಪ್ಪಿತು. 2011ರಲ್ಲಿ ಪರೀಕ್ಷೆಯ ಫಲಿತಾಂಶ ಕಣ್ಣೆದುರಿಗೇ ಇದ್ದರೂ ಯಾರೂ ಗಮನಿಸಲಿಲ್ಲ, ಪೆಟ್ಟು ಬಿತ್ತು. ತೆರೆದ ಕೋಡ್ ತನ್ನಿಂದ ತಾನೇ ಅಪಾಯಕಾರಿಯೂ ಅಲ್ಲ, ತನ್ನಿಂದ ತಾನೇ ಸುರಕ್ಷಿತವೂ ಅಲ್ಲ. ಅದನ್ನು ಕಾಯುವುದು ಪರೀಕ್ಷೆಗಳು, ಮತ್ತು ಆ ಪರೀಕ್ಷೆಗಳ ಮಾತನ್ನು ಕೇಳುವ ಜನ.

ನಾವು ಮಾಡಬಹುದಾದದ್ದು

• ವೆಬ್‌ಸೈಟ್ ನಡೆಸುವವರಾದರೆ, ಅಪ್‌ಡೇಟ್ ಮಾಡಬೇಕೋ ಬೇಡವೋ ಎಂಬುದನ್ನು ಫಾರ್ವರ್ಡ್ ನೋಡಿ ತೀರ್ಮಾನಿಸಬೇಡಿ. ಆ ತಂತ್ರಾಂಶದ ಅಧಿಕೃತ ತಾಣ ನೋಡಿ. 2011ರಲ್ಲಿ ಎಚ್ಚರಿಕೆಯೂ ಪರಿಹಾರವೂ ಬಂದದ್ದು ಅಲ್ಲಿಂದಲೇ.

• ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸಬೇಡಿ. ಒಂದು ತಾಣದ ರನ್‌ಟೈಮ್ ಕೈಕೊಟ್ಟರೂ ಉಳಿದ ಖಾತೆಗಳು ಉಳಿಯುತ್ತವೆ.

• ಎರಡು ಹಂತದ ಪರಿಶೀಲನೆ ಸಿಗುವ ಕಡೆಯೆಲ್ಲ ಅದನ್ನು ಆನ್ ಮಾಡಿಕೊಳ್ಳಿ. ಪಿಎಚ್‌ಪಿ ಬರೆಯುವವರೇ ಪೆಟ್ಟು ತಿಂದ ಮೇಲೆ ಮಾಡಿದ್ದು ಅದನ್ನೇ.

• ಓಪನ್ ಸೋರ್ಸ್ ತಂತ್ರಾಂಶ ಹ್ಯಾಕ್ ಆಗಿದೆ ಎಂಬ ಮೆಸೇಜ್ ಬಂದರೆ ಮೊದಲು ಒಂದು ಪ್ರಶ್ನೆ ಕೇಳಿ: ಆ ಕೋಡ್ ಬಿಡುಗಡೆಯಾದ ಆವೃತ್ತಿಯಲ್ಲಿ ಇತ್ತೇ, ಅಥವಾ ಅದಕ್ಕೂ ಮೊದಲೇ ಸಿಕ್ಕಿಬಿತ್ತೇ? ಉತ್ತರ ಸಿಕ್ಕಿದ ಮೇಲೆ ಫಾರ್ವರ್ಡ್ ಮಾಡಿ.