ಬರೆಯುವುದು ಯಂತ್ರ, ಹೊಣೆ ಯಾರದು?

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಕಂಪ್ಯೂಟರಿನ ಪ್ರೋಗ್ರಾಂ ಬರೆದು ಜೀವಿಸುವ ಮಗನೋ ಮಗಳೋ ಇರುವುದು ಈಗ ಅಪರೂಪವಲ್ಲ. ಆ ಮಕ್ಕಳ ಮಗ್ಗುಲಲ್ಲಿ ದಣಿವರಿಯದ ಸಹಾಯಕನೊಬ್ಬನು ಬಂದು ಕುಳಿತಿರುವನು. ಅವನೇ ಕೃತಕ ಬುದ್ಧಿಮತ್ತೆ.

2021ನೆಯ ಇಸವಿಯ ಜೂನ್ ತಿಂಗಳಲ್ಲಿ ಗಿಟ್‌ಹಬ್ ಸಂಸ್ಥೆಯು 'ಕೋಪೈಲಟ್' ಎಂಬ ಸಹಾಯಕನನ್ನು ಪ್ರಯೋಗಾರ್ಥವಾಗಿ ಹೊರತಂದಿತು. ಬರೆಯುವವರು ಅರ್ಧಕ್ಕೆ ನಿಲ್ಲಿಸಿದ ಸಾಲನ್ನು ಪೂರ್ತಿ ಮಾಡಿಕೊಡುವುದು ಆಗ ಅದರ ಮುಖ್ಯ ಕೆಲಸವಾಗಿದ್ದಿತು. ಈಗಿನ ಸಹಾಯಕರಾದರೋ 'ಇಂಥದೊಂದು ಬೇಕು' ಎಂದರೆ ಸಾಕು, ಕಡತಗಳನ್ನು ತಾವೇ ತೆರೆದು, ತಿದ್ದಿ, ಪರೀಕ್ಷೆಯನ್ನೂ ನಡೆಸಿ ಮುಂದಿಡುತ್ತಾರೆ.

ಇದರಿಂದ ಕೆಲಸ ಬೇಗನೆ ಮುಗಿಯುವುದೇ? 2022ರಲ್ಲಿ ಗಿಟ್‌ಹಬ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ 95 ಮಂದಿಗೆ ಒಂದೇ ಬಿಡಿ ಕೆಲಸವನ್ನು ಒಪ್ಪಿಸಲಾಗಿದ್ದಿತು. ಸಹಾಯಕನಿದ್ದವರಿಗೆ ಸರಾಸರಿ 1 ಗಂಟೆ 11 ನಿಮಿಷ ಹಿಡಿಯಿತು. ಇಲ್ಲದವರಿಗೆ 2 ಗಂಟೆ 41 ನಿಮಿಷ. ಆದರೆ 2025ರ ಜುಲೈಯಲ್ಲಿ ಎಂ.ಇ.ಟಿ.ಆರ್. ಎಂಬ ಸಂಶೋಧನಾ ಸಂಸ್ಥೆಯು ಬೇರೊಂದು ಫಲಿತಾಂಶವನ್ನು ಪ್ರಕಟಿಸಿತು. 16 ಮಂದಿ ನುರಿತವರು ತಮಗೆ ಚಿರಪರಿಚಿತವಾದ ಯೋಜನೆಗಳಲ್ಲೇ 246 ಕೆಲಸಗಳನ್ನು ಕೈಗೆತ್ತಿಕೊಂಡಾಗ, ಸಹಾಯಕನಿದ್ದ ಕೆಲಸಗಳಿಗೆ ಶೇಕಡಾ 19ರಷ್ಟು ಹೆಚ್ಚು ಸಮಯ ತಗುಲಿತು! ಯಂತ್ರ ಬರೆದುದನ್ನು ಓದುವುದು, ಒರೆಹಚ್ಚುವುದು, ತಿದ್ದುವುದು ಇವುಗಳಿಗೂ ಹೊತ್ತು ಬೇಕಲ್ಲವೇ? ವಿನೋದವೇನೆಂದರೆ, ಮುಗಿಸಿ ಎದ್ದಾಗಲೂ ಅವರು ತಮಗೆ ಶೇಕಡಾ 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು.

ಪತ್ರಿಕೆಗೆ ಬರುವ ಮುನ್ನ ನಾವು ಹೋಟೆಲು ನಡೆಸಿದವರು. ಭಟ್ಟರು ಎಷ್ಟೇ ನಿಪುಣರಿರಲಿ, ರುಚಿ ನೋಡದೆ ಸಾಂಬಾರನ್ನು ಹೊರಗೆ ಕಳುಹಿದ ದಿನ ಬೈಗಳು ತಿಂದುದು ನಾವು. ಗಿರಾಕಿಯು ಅಡಿಗೆಮನೆಯನ್ನು ಕೇಳುವುದಿಲ್ಲ, ಗಲ್ಲೆಯ ಮೇಲಿರುವವನನ್ನು ಕೇಳುತ್ತಾನೆ. ಬ್ಯಾಂಕಿನ ಲೆಕ್ಕವೋ ರೈಲಿನ ಟಿಕೆಟ್ಟೋ ತಪ್ಪಿದಾಗ 'ಯಂತ್ರ ಬರೆಯಿತು' ಎಂಬ ಉತ್ತರವನ್ನು ಯಾರು ಒಪ್ಪುವರು?

ನಮ್ಮ ಚಿಂತೆ ಇನ್ನೂ ಒಂದಿದೆ. ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ ಕೈಪಳಗಿದ ಹುಡುಗರೇ ಮುಂದೆ ಭಟ್ಟರಾದರು, ಮಾಲೀಕರೂ ಆದರು. ಪ್ರೋಗ್ರಾಂ ಬರೆಯುವ ವೃತ್ತಿಯಲ್ಲಿಯೂ ಹೊಸಬರು ಕಲಿಯುತ್ತಿದ್ದುದು ಸಣ್ಣಪುಟ್ಟ ಕೆಲಸಗಳಿಂದಲೇ. ಇಂದು ಯಂತ್ರವು ಮೊದಲು ಕಸಿಯುತ್ತಿರುವುದು ಅವನ್ನೇ. ಹಿಟ್ಟು ಮುಟ್ಟದವನಿಗೆ ಹದ ತಿಳಿಯುವುದೆಂತು? ಹದ ತಿಳಿಯದವನು ನಾಳೆ ಯಂತ್ರದ ತಪ್ಪನ್ನು ಹಿಡಿಯುವುದೆಂತು?

ಸಹಾಯಕನನ್ನು ದೂರವಿಡಿರೆಂದು ನಾವು ಹೇಳುತ್ತಿಲ್ಲ. ತನ್ನ ಬಾಯಿಂದ ವಿವರಿಸಲಾರದ ಒಂದು ಸಾಲನ್ನೂ ತನ್ನ ಹೆಸರಿನಲ್ಲಿ ಒಪ್ಪಿಸಬಾರದೆಂಬ ನಿಯಮವನ್ನು ನಮ್ಮ ತರುಣರು ಪಾಲಿಸಲಿ. ಕಲಿಯುವವರಿಗೆಂದು ಕೊಂಚ ಕೆಲಸವನ್ನು ಧಣಿಗಳೂ ಉಳಿಸಿಕೊಡಲಿ ಎಂಬುದಷ್ಟೇ ನಮ್ಮ ಅರಿಕೆ.