ಒಳಚಕ್ರದ ಲೆಕ್ಕಾಚಾರ

ತಿರುವಿನಲ್ಲಿ ಕಾರಿನ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಎಷ್ಟು ಹೆಚ್ಚು? ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಘಾಟಿಯ ಹೇರ್‌ಪಿನ್ ತಿರುವೊಂದನ್ನು ಪೂರ್ತಿ ಸುತ್ತುವಷ್ಟರಲ್ಲಿ ಸುಮಾರು 4.7 ಮೀಟರ್. ತಿರುವು ಇಕ್ಕಟ್ಟಾಗಿರಲಿ, ವಿಶಾಲವಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಕಾರು ಎಷ್ಟು ಡಿಗ್ರಿ ತಿರುಗಿತು ಎಂಬುದಷ್ಟೇ ಮುಖ್ಯ. ಎರಡೂ ಚಕ್ರಗಳನ್ನು ಒಂದೇ ಅಚ್ಚಿಗೆ ಬಿಗಿದಿದ್ದರೆ ಈ 4.7 ಮೀಟರನ್ನು ಟೈರುಗಳು ರಸ್ತೆಗೆ ಉಜ್ಜಿಕೊಂಡೇ ಸರಿದೂಗಿಸಬೇಕಿತ್ತು.

1820ರ ದಶಕದ ಕೊನೆಯಲ್ಲೇ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಉಗಿಬಂಡಿಗೆಂದು ಇದಕ್ಕೊಂದು ಪರಿಹಾರ ಕಂಡುಕೊಂಡು ಪೇಟೆಂಟ್ ಪಡೆದ. ಅದೇ ಡಿಫರೆನ್ಷಿಯಲ್. ಇಂದಿಗೂ ಬಹುಪಾಲು ಕಾರುಗಳಲ್ಲಿರುವುದು ಅದರ ಸರಳ ರೂಪ, ಓಪನ್ ಡಿಫರೆನ್ಷಿಯಲ್. ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಸುತ್ತಲು ಅದು ಬಿಡುತ್ತದೆ, ಆದರೆ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸದಾ ಸಮವಾಗಿ ಹಂಚುತ್ತದೆ. ಜೋಡೆತ್ತಿನ ನೊಗದ ಹಾಗೆ: ಒಂದು ಎತ್ತು ಸೋತರೆ ಇನ್ನೊಂದರ ಬಲವೂ ಅಷ್ಟಕ್ಕೇ ನಿಂತಿತು. ಒಳಚಕ್ರ 300 ನ್ಯೂಟನ್ ಮೀಟರ್ ಮಾತ್ರ ತಾಳಬಲ್ಲದಾದರೆ, ಸಾವಿರ ತಾಳಬಲ್ಲ ಹೊರಚಕ್ರಕ್ಕೂ ಸಿಗುವುದು 300 ಮಾತ್ರ.

ಮನೆಮಂದಿಯ ಕಾರಿಗೆ ಇದು ಸಾಕು. ಹಾಟ್ ಹ್ಯಾಚ್‌ಬ್ಯಾಕಿಗೆ, ಅಂದರೆ ಬಲಶಾಲಿ ಎಂಜಿನ್ನಿನ ಪುಟ್ಟ ಕಾರಿಗೆ, ಸಾಲದು. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ನಿನ ಮೊದಲ ಗಾಲ್ಫ್ ಜಿಟಿಐ 110 ಅಶ್ವಶಕ್ತಿಯ ಕಾರು. 2025ರಲ್ಲಿ ಭಾರತಕ್ಕೆ ಬಂದ ಜಿಟಿಐಗೆ 265. ಹೋಂಡಾ ಸಿವಿಕ್ ಟೈಪ್ ಆರ್ ಮುನ್ನೂರನ್ನೂ ದಾಟಿದೆ. ಇಷ್ಟೂ ಶಕ್ತಿ ರಸ್ತೆಗಿಳಿಯುವುದು ಮುಂದಿನ ಎರಡೇ ಚಕ್ರಗಳಿಂದ. ಕಾರನ್ನು ತಿರುಗಿಸುವ ಕೆಲಸವೂ ಅವುಗಳದ್ದೇ. ತಿರುವಿನಲ್ಲಿ ಕಾರಿನ ಭಾರ ಹೊರಬದಿಗೆ ವಾಲಿ ಒಳಚಕ್ರ ಹಗುರಾಗುತ್ತದೆ. ಆಗ ಆಕ್ಸಿಲರೇಟರ್ ಒತ್ತಿದರೆ ಒಳಚಕ್ರ ಸುಮ್ಮನೆ ಗಿರಗಿರ ಸುತ್ತುತ್ತದೆ, ಕಾರಿನ ಮೂತಿ ತಿರುವಿನಿಂದ ಹೊರಕ್ಕೆ ಜಾರುತ್ತದೆ.

ಆದ್ದರಿಂದ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಒಳಚಕ್ರ ಹಿಡಿತ ಕಳೆದುಕೊಂಡಾಗ ಈ ಕಾರು ಏನು ಮಾಡುತ್ತದೆ? ಪ್ರಶ್ನೆಯನ್ನು ಕೊಳ್ಳುವಾಗಲೇ ಕೇಳಬೇಕು. ಮುಂಚಕ್ರ ಚಾಲನೆಯ ಕಾರಿನಲ್ಲಿ ಡಿಫರೆನ್ಷಿಯಲ್ ಇರುವುದು ಗೇರ್‌ಬಾಕ್ಸಿನ ಒಳಗೆ. ಆಮೇಲೆ ಬದಲಿಸುವುದೆಂದರೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚುವ ಕೆಲಸ.

ಮೊದಲನೆಯ ಉತ್ತರ: ಬ್ರೇಕ್. 2009ರ ಗಾಲ್ಫ್ ಜಿಟಿಐನಲ್ಲಿ ಬಂದ ಎಕ್ಸ್‌ಡಿಎಸ್ ಈ ಬಗೆಯದು. ಡಿಫರೆನ್ಷಿಯಲ್ ಓಪನ್ ಆಗಿಯೇ ಉಳಿಯುತ್ತದೆ. ಕಂಪ್ಯೂಟರ್ ಒಳಚಕ್ರಕ್ಕೆ ಮೆಲ್ಲಗೆ ಬ್ರೇಕ್ ಹಾಕುತ್ತದೆ. ನೆಲ 300 ತಾಳುತ್ತಿದೆ, ಬ್ರೇಕ್ ಇನ್ನೊಂದು 300 ತಡೆಯಿತು ಎನ್ನೋಣ. ಒಳಗಡೆ 600 ಆಯಿತು, ಸಮಪಾಲಿನ ನಿಯಮದಿಂದಲೇ ಹೊರಚಕ್ರಕ್ಕೂ 600 ಸಿಕ್ಕಿತು. ಜಾಣ ಉಪಾಯ, ಹೊಸ ಬಿಡಿಭಾಗದ ಖರ್ಚಿಲ್ಲ. ಆದರೆ ಬ್ರೇಕ್ ತಡೆದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆದರೆ ಪ್ಯಾಡುಗಳು ಕಾದು ಸವೆಯುತ್ತವೆ.

ಎರಡನೆಯದು ಹೆಲಿಕಲ್ ಗೇರುಗಳದ್ದು. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ, ಮುಂದೆ ಟಾರ್ಸೆನ್ ಎಂದು ಹೆಸರಾದ ರಚನೆ ಈ ಕುಟುಂಬದ್ದು. ಬ್ರಿಟನ್ನಿನ ಕ್ವೈಫ್ ಕೂಡ. ಟಾರ್ಕ್ ಹರಿಯುತ್ತಿದ್ದಂತೆ ಓರೆ ಹಲ್ಲಿನ ಗೇರುಗಳು ತಮ್ಮ ಗೂಡಿಗೆ ಒತ್ತಿಕೊಳ್ಳುತ್ತವೆ, ಆ ಘರ್ಷಣೆಯೇ ಹೆಚ್ಚಿನ ಪಾಲನ್ನು ನಿಧಾನವಾಗಿ ಸುತ್ತುವ ಚಕ್ರಕ್ಕೆ ದಾಟಿಸುತ್ತದೆ. ಹಂಚಿಕೆಯ ಅನುಪಾತ ಎರಡೂವರೆ ಪಟ್ಟು ಎಂದಿಟ್ಟುಕೊಂಡರೆ, ಒಳಚಕ್ರದ 300ಕ್ಕೆ ಹೊರಚಕ್ರದಲ್ಲಿ 750. ಸೆನ್ಸರ್ ಇಲ್ಲ, ಪಂಪ್ ಇಲ್ಲ, ಸವೆಯುವ ಪ್ಲೇಟ್ ಇಲ್ಲ, ಸದ್ದೂ ಇಲ್ಲ. 2002ರ ಫೋರ್ಡ್ ಫೋಕಸ್ ಆರ್‌ಎಸ್ ಕ್ವೈಫನ್ನು ಹೊತ್ತಿತ್ತು. 2017ರ ಸಿವಿಕ್ ಟೈಪ್ ಆರ್‌ನಲ್ಲೂ ಹೆಲಿಕಲ್ ಇತ್ತು. ಕೊರತೆ ಒಂದೇ: ಇದು ಗುಣಿಸುವ ಯಂತ್ರ. ಒಳಚಕ್ರ ನೆಲಬಿಟ್ಟು ಎದ್ದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ.

ಮೂರನೆಯದು ಪ್ಲೇಟುಗಳದ್ದು. ಒಳಗೆ ಕ್ಲಚ್ ಪ್ಲೇಟುಗಳ ಸಾಲು. ಆಕ್ಸಿಲರೇಟರ್ ಒತ್ತಿದಷ್ಟೂ ಇಳಿಜಾರು ಅಂಚುಗಳು ಅವನ್ನು ಬಿಗಿಯಾಗಿ ಅದುಮುತ್ತವೆ. ಸ್ಪ್ರಿಂಗಿನ ಒತ್ತಡ ಮೊದಲೇ ಇರುವುದರಿಂದ ಚಕ್ರ ಗಾಳಿಯಲ್ಲಿದ್ದಾಗಲೂ ಸ್ವಲ್ಪ ಬಲ ದಾಟುತ್ತದೆ. ರ‍್ಯಾಲಿ ಕಾರುಗಳ ಮೆಚ್ಚಿನ ಆಯ್ಕೆ ಇದು. ಇದಕ್ಕೆ ತೆರುವ ಬೆಲೆಯೂ ಇದೆ: ಪಾರ್ಕಿಂಗಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು, ವಿಶೇಷ ಎಣ್ಣೆ, ಸವೆದಾಗ ಮತ್ತೆ ಗೇರ್‌ಬಾಕ್ಸ್ ಬಿಚ್ಚುವ ಖರ್ಚು. ಇನ್ನೊಂದು ಸೂಕ್ಷ್ಮವಿದೆ. ಘರ್ಷಣೆ ಯಾವಾಗಲೂ ಬಲವನ್ನು ವೇಗದ ಚಕ್ರದಿಂದ ನಿಧಾನದ ಚಕ್ರಕ್ಕೇ ಸಾಗಿಸುತ್ತದೆ. ಯಾವ ಚಕ್ರವೂ ಜಾರದಿರುವಾಗ ತಿರುವಿನಲ್ಲಿ ವೇಗವಾಗಿ ಸುತ್ತುವುದು ಹೊರಚಕ್ರ. ಹಾಗಾಗಿ ಸದಾ ಬಿಗಿಯಾಗಿರುವ ಪ್ಲೇಟುಗಳು ನಿಧಾನದ ತಿರುವಿನಲ್ಲಿ ಕಾರನ್ನು ನೇರಕ್ಕೇ ಎಳೆಯುತ್ತವೆ.

ಈ ತೊಡಕಿಗೆ ಉತ್ತರವಾಗಿ ಬಂದದ್ದು ನಾಲ್ಕನೆಯದು: ಪ್ಲೇಟುಗಳನ್ನು ಕಂಪ್ಯೂಟರಿನ ಕೈಗೆ ಕೊಡುವುದು. ಫೋಕ್ಸ್‌ವ್ಯಾಗನ್ 2013ರಲ್ಲಿ ಏಳನೇ ತಲೆಮಾರಿನ ಗಾಲ್ಫ್ ಜಿಟಿಐನ ಪರ್ಫಾರ್ಮೆನ್ಸ್ ಮಾದರಿಗೆ ಇದನ್ನು ತಂದಿತು. ಡಿಫರೆನ್ಷಿಯಲ್ಲಿಗೂ ಬಲಗಡೆಯ ಡ್ರೈವ್ ಶಾಫ್ಟಿಗೂ ನಡುವೆ ಹೈಡ್ರಾಲಿಕ್ ಒತ್ತಡದ ಕ್ಲಚ್. ನೇರ ರಸ್ತೆಯಲ್ಲಿ ಪೂರ್ತಿ ಸಡಿಲ, ತಿರುವಿನಿಂದ ಹೊರಬರುವಾಗ ಬೇಕಾದಷ್ಟು ಬಿಗಿ. ಚಕ್ರ ಜಾರುವವರೆಗೂ ಕಾಯದೆ, ಸ್ಟಿಯರಿಂಗಿನ ಕೋನ ನೋಡಿಯೇ ಸಜ್ಜಾಗಬಲ್ಲದು. ಎಂಟನೇ ತಲೆಮಾರಿನ ಜಿಟಿಐಗೆ, ಅಂದರೆ ಭಾರತಕ್ಕೆ ಬಂದ ಕಾರಿಗೂ, ಇದು ಬಂದಿದೆ. ಮಳೆಗಾಲದ ಘಾಟಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಪಂಪು, ಎಣ್ಣೆ, ವೈರು ಎಲ್ಲಕ್ಕೂ ಆರೈಕೆ ಬೇಕು.

ಬ್ರೋಷರಿನ ಹೆಸರನ್ನು ನಂಬಿ ಮೋಸಹೋಗಬಾರದು. ಆಲ್ಫಾ ರೋಮಿಯೋ 147ರಲ್ಲಿ ‘ಕ್ಯೂ2’ ಎಂದರೆ ನಿಜವಾದ ಟಾರ್ಸೆನ್. ಮುಂದೆ ಮೀಟೋ ಕಾರಿನಲ್ಲಿ ‘ಎಲೆಕ್ಟ್ರಾನಿಕ್ ಕ್ಯೂ2’ ಎಂದರೆ ಬ್ರೇಕ್ ಹಾಕುವ ಉಪಾಯ. ‘ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್’ ಎಂದು ಬರೆದಿದ್ದರೆ, ಒಳಗೆ ಕ್ಲಚ್ ಇದೆಯೇ ಅಥವಾ ಬ್ರೇಕೇ ಎಲ್ಲ ಕೆಲಸ ಮಾಡುತ್ತದೆಯೇ ಎಂದು ಕೇಳಿ. ಟೆಸ್ಟ್ ಡ್ರೈವಿನಲ್ಲಿ ಖಾಲಿ ರಸ್ತೆಯ ಇಕ್ಕಟ್ಟಾದ ತಿರುವು ಹುಡುಕಿ, ಎರಡನೇ ಗೇರಿನಲ್ಲಿ ಹೊರಬರುತ್ತಾ ಹದವಾಗಿ ಆಕ್ಸಿಲರೇಟರ್ ಒತ್ತಿ. ಕಾರು ಮುನ್ನುಗ್ಗದೆ ಎಂಜಿನ್ ಮಾತ್ರ ಕೂಗಿದರೆ ಒಳಚಕ್ರ ಸೋತಿದೆ. ಮೂತಿ ತಿರುವಿನ ಒಳಕ್ಕೇ ಎಳೆದುಕೊಂಡರೆ ಡಿಫರೆನ್ಷಿಯಲ್ ಕೆಲಸ ಮಾಡುತ್ತಿದೆ. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಜಗ್ಗುತ್ತದೆಯೇ ಎಂಬುದನ್ನೂ ಗಮನಿಸಿ. ಅಸಮ ಹಂಚಿಕೆಯ ಅಡ್ಡಪರಿಣಾಮ ಅದು. ಅದನ್ನು ತಗ್ಗಿಸಲು 2009ರ ಫೋಕಸ್ ಆರ್‌ಎಸ್‌ಗೆ ಫೋರ್ಡ್ ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸಬೇಕಾಯಿತು.

ದಿನಾ ಕಚೇರಿಗೆ ಓಡಿಸುವ, ಇನ್ನೂರರ ಆಸುಪಾಸಿನ ಅಶ್ವಶಕ್ತಿಯ ಕಾರಿಗೆ ಬ್ರೇಕ್ ಉಪಾಯ ಸಾಕು. ಉಳಿದ ಹಣ ಒಳ್ಳೆಯ ಟೈರಿಗೆ ಹಾಕಿ. ಟ್ರ್ಯಾಕಿಗೆ ಆಗಾಗ ಹೋಗುವವರಿಗೆ, ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಇದ್ದರೆ ಮಾತ್ರ, ಪ್ಲೇಟ್. ವಾರಂಟಿಯೊಳಗಿನ ಹೊಸ ಕಾರಿಗೆ ಕಂಪ್ಯೂಟರ್ ಕ್ಲಚ್ಚಿಗಿಂತ ಬಹುಮುಖಿ ಇಲ್ಲ. ಆದರೆ ಹತ್ತು ವರ್ಷ ಇಟ್ಟುಕೊಳ್ಳುವ ಕಾರು, ಅಥವಾ ಇನ್ನೊಬ್ಬರು ಓಡಿಸಿ ಬಿಟ್ಟ ಕಾರು ಕೊಳ್ಳುವುದಾದರೆ ನನ್ನ ಮತ ಹೆಲಿಕಲ್‌ಗೆ. ಕಡಿಮೆ ಕೇಳುತ್ತದೆ, ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ.